ಗಡುವು ತಪ್ಪುವುದೆಲ್ಲಿ? ಚಂದ್ರಯಾನದ ಪಾಠ, ಹಳದಿ ಮಾರ್ಗದ ಎಚ್ಚರಿಕೆ

ಬೆಂಗಳೂರು: ರಾಜಧಾನಿಯ ಜನ ಎರಡು ವರ್ಷಗಳ ಅಂತರದಲ್ಲಿ ಎರಡು ಸಂಭ್ರಮಗಳಿಗೆ ಸಾಕ್ಷಿಯಾದರು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಸಮೀಪ ಸುರಕ್ಷಿತವಾಗಿ ಇಳಿದಾಗ ಪೀಣ್ಯದ ಇಸ್ರೋ ನಿಯಂತ್ರಣ ಕೇಂದ್ರದಲ್ಲಿ ಹರ್ಷೋದ್ಗಾರ ಮುಗಿಲು ಮುಟ್ಟಿತು. 2025ರ ಆಗಸ್ಟ್ 10ರಂದು ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಮೆಟ್ರೊ ಹಳದಿ ಮಾರ್ಗಕ್ಕೆ ಪ್ರಧಾನಿ ಹಸಿರು ನಿಶಾನೆ ತೋರಿದಾಗ ಎಲೆಕ್ಟ್ರಾನಿಕ್ ಸಿಟಿಯ ಉದ್ಯೋಗಿಗಳು ನಿಟ್ಟುಸಿರು ಬಿಟ್ಟರು.

ಒಂದು ಆಕಾಶದ ಮಾತು, ಇನ್ನೊಂದು ನೆಲದ ಮಾತು. ಒಂದರಲ್ಲಿ ವಿಜ್ಞಾನಿಗಳು, ಇನ್ನೊಂದರಲ್ಲಿ ಗುತ್ತಿಗೆದಾರರು, ಅಧಿಕಾರಿಗಳು. ಮೇಲ್ನೋಟಕ್ಕೆ ಇವೆರಡಕ್ಕೂ ಸಂಬಂಧವೇ ಇಲ್ಲ. ಆದರೆ ಯೋಜನೆಗಳು ಏಕೆ ಸೋಲುತ್ತವೆ, ಏಕೆ ತಡವಾಗುತ್ತವೆ, ಸೋತ ತಂಡವೊಂದು ಮತ್ತೆ ಎದ್ದು ನಿಲ್ಲುವುದು ಹೇಗೆ ಎಂಬ ಪ್ರಶ್ನೆಗಳಿಗೆ ಇವೆರಡನ್ನೂ ಜೊತೆಗಿಟ್ಟು ನೋಡಿದಾಗಲೇ ಸ್ಪಷ್ಟ ಉತ್ತರ ದೊರೆಯುತ್ತದೆ. ಮೆಟ್ರೊ ಕಾಮಗಾರಿಯಿಂದ ಹಿಡಿದು ಸಾಫ್ಟ್‌ವೇರ್ ಕಂಪನಿಯ ಆರು ಜನರ ತಂಡದವರೆಗೆ, ಗಡುವಿನೊಂದಿಗೆ ಗುದ್ದಾಡುವ ಎಲ್ಲರಿಗೂ ಈ ಉತ್ತರ ಅನ್ವಯಿಸುತ್ತದೆ.

ಎಡವಿದ ವಿಕ್ರಮ್

2019ರ ಸೆಪ್ಟೆಂಬರ್ 7ರ ನಸುಕು. ಚಂದ್ರಯಾನ-2ರ ಲ್ಯಾಂಡರ್ ಚಂದ್ರನ ಮೇಲ್ಮೈಯಿಂದ 30 ಕಿ.ಮೀ. ಎತ್ತರದಲ್ಲಿ ಇಳಿಯಲು ಆರಂಭಿಸಿತ್ತು. ಮೊದಲ ಹಂತದಲ್ಲಿ ಅದರ ವೇಗ ಸೆಕೆಂಡಿಗೆ 1,683 ಮೀಟರ್‌ಗಳಿಂದ 146 ಮೀಟರ್‌ಗಳಿಗೆ ಇಳಿದು, ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಎರಡನೆಯ ಹಂತದಲ್ಲಿ ಲೆಕ್ಕ ತಪ್ಪಿತು. ಕೆಲವೇ ಕ್ಷಣಗಳಲ್ಲಿ ಸಂಪರ್ಕ ಕಡಿದುಹೋಯಿತು. ಲ್ಯಾಂಡರ್ ನಿಗದಿತ ತಾಣದಿಂದ 500 ಮೀಟರ್ ವ್ಯಾಪ್ತಿಯೊಳಗೆ ರಭಸದಿಂದ ಅಪ್ಪಳಿಸಿತು ಎಂದು ಸರ್ಕಾರ ಆನಂತರ ಸಂಸತ್ತಿಗೆ ತಿಳಿಸಿತು.

ಎಡವಿದ್ದು ಎಲ್ಲಿ? 2023ರ ಜುಲೈನಲ್ಲಿ ಆಗಿನ ಇಸ್ರೋ ಅಧ್ಯಕ್ಷ ಎಸ್. ಸೋಮನಾಥ್ ಮೂರು ಕಾರಣಗಳನ್ನು ಬಿಡಿಸಿಟ್ಟರು. ಮೊದಲನೆಯದು, ಲ್ಯಾಂಡರ್‌ನ ಐದು ಎಂಜಿನ್‌ಗಳು ನಿರೀಕ್ಷೆಗಿಂತ ಹೆಚ್ಚಿನ ನೂಕುಬಲ ನೀಡಿದವು. ಅದರಿಂದಾದ ಸಣ್ಣ ಸಣ್ಣ ವ್ಯತ್ಯಾಸಗಳು ಒಂದರ ಮೇಲೊಂದು ಪೇರಿಕೊಂಡವು. ಎರಡನೆಯದು, ಆ ತಪ್ಪನ್ನು ತಿದ್ದಿಕೊಳ್ಳಲು ನೌಕೆ ಬಹಳ ವೇಗವಾಗಿ ತಿರುಗಬೇಕಾಯಿತು. ಅಷ್ಟು ವೇಗದ ತಿರುವು ಬೇಕಾದೀತೆಂದು ಯಾರೂ ಊಹಿಸಿರಲಿಲ್ಲವಾದ್ದರಿಂದ ತಂತ್ರಾಂಶವೇ ಅದಕ್ಕೆ ಮಿತಿ ಹಾಕಿತ್ತು. ಮೂರನೆಯದು, ಇಳಿಯಬೇಕಿದ್ದ ಜಾಗ 500 ಮೀಟರ್ ಉದ್ದ, 500 ಮೀಟರ್ ಅಗಲದ ಚಿಕ್ಕ ಚೌಕ. ಆ ಚೌಕವನ್ನು ತಲುಪಲೇಬೇಕೆಂಬ ಆದೇಶ ಪಾಲಿಸಲು ನೌಕೆ ನೆಲದ ಸಮೀಪದಲ್ಲಿಯೂ ವೇಗ ಹೆಚ್ಚಿಸಿಕೊಳ್ಳುತ್ತಾ ಹೋಯಿತು.

ಗಮನಿಸಬೇಕಾದ ಸಂಗತಿ ಒಂದಿದೆ. ಈ ಮೂರರಲ್ಲಿ ಯಾವುದೂ ಒಬ್ಬ ವ್ಯಕ್ತಿಯ ಅಸಡ್ಡೆಯಲ್ಲ. ಒಂದೊಂದು ಭಾಗವೂ ತನ್ನ ಮಟ್ಟಿಗೆ ಸರಿಯಾಗಿಯೇ ಇತ್ತು. ಆದರೆ ಭಾಗಗಳ ನಡುವೆ, ಒಂದು ವಿಭಾಗದ ವ್ಯತ್ಯಾಸ ಮತ್ತೊಂದು ವಿಭಾಗದ ಮಿತಿಯನ್ನು ಮೀರಿದರೆ ಏನಾದೀತು ಎಂಬ ಜಾಗದಲ್ಲಿ, ಪ್ರಶ್ನೆಯೊಂದು ಉತ್ತರವಿಲ್ಲದೆ ಉಳಿದಿತ್ತು.

ಪ್ರಶ್ನೆಯನ್ನೇ ತಿರುಗಿಸಿದರು

ಚಂದ್ರಯಾನ-3ರಲ್ಲಿ ಇಸ್ರೋ ಮಾಡಿದ ಬಹುಮುಖ್ಯ ಬದಲಾವಣೆ ಯಂತ್ರದಲ್ಲಿಲ್ಲ, ಪ್ರಶ್ನೆಯಲ್ಲಿದೆ. ‘ಇದು ಯಶಸ್ವಿಯಾಗಲು ಏನು ಬೇಕು?’ ಎಂಬುದರ ಬದಲು ‘ಇದರಲ್ಲಿ ಏನೇನು ಕೈಕೊಡಬಹುದು, ಆಗಲೂ ಇಳಿಯುವುದು ಹೇಗೆ?’ ಎಂದು ತಂಡ ಕೇಳಿಕೊಂಡಿತು. ಇದನ್ನೇ ಸೋಮನಾಥ್ ‘ವೈಫಲ್ಯ ಆಧಾರಿತ ವಿನ್ಯಾಸ’ ಎಂದು ಕರೆದರು.

ಉತ್ತರಗಳು ಸರಳವಾಗಿದ್ದವು. ಇಳಿಯುವ ಜಾಗವನ್ನು 4 ಕಿ.ಮೀ. ಉದ್ದ, ಸುಮಾರು ಎರಡೂವರೆ ಕಿ.ಮೀ. ಅಗಲಕ್ಕೆ ಹಿಗ್ಗಿಸಲಾಯಿತು. ಐದು ಎಂಜಿನ್‌ಗಳ ಬದಲು ನಾಲ್ಕನ್ನು ಉಳಿಸಿಕೊಳ್ಳಲಾಯಿತು. ಹೆಚ್ಚು ರಭಸ ತಾಳಿಕೊಳ್ಳುವಂತೆ ಕಾಲುಗಳನ್ನು ಬಲಪಡಿಸಲಾಯಿತು. ಇಂಧನ ಹೆಚ್ಚಿತು, ಸೌರಫಲಕಗಳು ಹಿಗ್ಗಿದವು, ವೇಗವನ್ನು ನೇರವಾಗಿ ಅಳೆಯುವ ಲೇಸರ್ ಉಪಕರಣ ಸೇರಿತು. ಹೆಲಿಕಾಪ್ಟರ್‌ಗೆ ತೂಗುಹಾಕಿ ಸಂವೇದಕಗಳ ಪರೀಕ್ಷೆ ನಡೆಯಿತು, ಎತ್ತರದ ಕ್ರೇನ್ ಬಳಸಿ ಎಂಜಿನ್ ಉರಿಸಿ ಪರೀಕ್ಷಿಸಲಾಯಿತು, ಚಂದ್ರನ ಮಣ್ಣನ್ನು ಹೋಲುವ ನೆಲದ ಮೇಲೆ ಕಾಲುಗಳನ್ನು ಇಳಿಸಿ ನೋಡಲಾಯಿತು.

ಹಿಂದಿನ ಯಾನದಲ್ಲಿ ಉಳಿದಿದ್ದನ್ನು ತಂಡ ಕೈಬಿಡಲಿಲ್ಲ ಎಂಬುದೂ ಉಲ್ಲೇಖನೀಯ. ಚಂದ್ರಯಾನ-2ರ ಕಕ್ಷಾಗಾಮಿ ಚಂದ್ರನನ್ನು ಸುತ್ತುತ್ತಲೇ ಇತ್ತು. ಅದು ಕಳುಹಿಸಿದ ಸ್ಪಷ್ಟ ಚಿತ್ರಗಳು ಹೊಸ ತಾಣದ ಆಯ್ಕೆಗೆ ನೆರವಾದವು. ಸೋಲನ್ನು ಬಚ್ಚಿಟ್ಟ ತಂಡಕ್ಕೆ ಈ ಲಾಭ ದಕ್ಕುತ್ತಿರಲಿಲ್ಲ. ಚಂದ್ರಯಾನ-3ರ ವೆಚ್ಚ ಸುಮಾರು 615 ಕೋಟಿ ರೂಪಾಯಿ. ಹಿಂದಿನ ಯಾನಕ್ಕೆ ತಗುಲಿದ್ದು ಸುಮಾರು 978 ಕೋಟಿ.

ಇಸ್ರೋಗೆ ಈ ಗುಣ ಹೊಸದೇನಲ್ಲ. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಮೇಲೇರಿದ ಮೊದಲ ಎಸ್‌ಎಲ್‌ವಿ-3 ರಾಕೆಟ್ ಕೆಲವೇ ನಿಮಿಷಗಳಲ್ಲಿ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನಾ ನಿರ್ದೇಶಕರಾಗಿದ್ದ ಎ.ಪಿ.ಜೆ. ಅಬ್ದುಲ್ ಕಲಾಂ ಈ ಘಟನೆಯನ್ನು ತಮ್ಮ ಭಾಷಣಗಳಲ್ಲಿ ಮತ್ತೆ ಮತ್ತೆ ಸ್ಮರಿಸುತ್ತಿದ್ದರು. ಉಡಾವಣೆಗೆ ಮುನ್ನ ಕಂಪ್ಯೂಟರ್ ಎಚ್ಚರಿಕೆ ನೀಡಿತ್ತು, ತಜ್ಞರ ಸಲಹೆ ಪಡೆದು ತಾವು ಮುಂದುವರಿದಿದ್ದಾಗಿ ಅವರೇ ಒಪ್ಪಿಕೊಳ್ಳುತ್ತಿದ್ದರು. ಅಂದು ಪತ್ರಕರ್ತರನ್ನು ಎದುರಿಸಿದ್ದು ಇಸ್ರೋ ಅಧ್ಯಕ್ಷ ಸತೀಶ್ ಧವನ್. ಸೋಲಿನ ಹೊಣೆಯನ್ನು ಅವರು ತಮ್ಮ ಹೆಗಲಿಗೆ ಏರಿಸಿಕೊಂಡರು. 1980ರ ಜುಲೈ 18ರಂದು ಎರಡನೆಯ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಪತ್ರಿಕಾಗೋಷ್ಠಿ ನಡೆಸುವಂತೆ ಕಲಾಂ ಅವರಿಗೇ ಹೇಳಿದರು.

ಇದನ್ನು ಕೇವಲ ದೊಡ್ಡತನದ ಕಥೆಯೆಂದು ಓದಿದರೆ ಅರ್ಧ ಪಾಠ ತಪ್ಪುತ್ತದೆ. ತಪ್ಪೊಪ್ಪಿಕೊಂಡವನನ್ನು ಬಲಿ ಕೊಡುವ ಕಚೇರಿಯಲ್ಲಿ ಮುಂದಿನ ತಪ್ಪನ್ನು ಯಾರೂ ಒಪ್ಪಿಕೊಳ್ಳುವುದಿಲ್ಲ. ತಪ್ಪು ಹೊರಬರದಿದ್ದರೆ ಅದನ್ನು ತಿದ್ದುವ ದಾರಿಯೂ ಇರುವುದಿಲ್ಲ.

ಹಳಿ ಸಿದ್ಧ, ರೈಲು ಇಲ್ಲ

ಇನ್ನು ನೆಲದ ಮಾತಿಗೆ ಬರಬಹುದು. ನಮ್ಮ ಮೆಟ್ರೊದ ಮೊದಲ ಹಂತಕ್ಕೆ ಶಂಕುಸ್ಥಾಪನೆಯಾದದ್ದು 2006ರ ಜೂನ್‌ನಲ್ಲಿ. ಮೊದಲ ರೈಲು ಓಡಿದ್ದು 2011ರ ಅಕ್ಟೋಬರ್‌ನಲ್ಲಿ. ಸುಮಾರು 42 ಕಿ.ಮೀ.ಗಳ ಮೊದಲ ಹಂತ ಪೂರ್ಣಗೊಳ್ಳಲು 2017ರ ಜೂನ್ ಬರಬೇಕಾಯಿತು. ಅಷ್ಟರಲ್ಲಿ ವೆಚ್ಚ ಮೂಲ ಅಂದಾಜಿನ ದುಪ್ಪಟ್ಟನ್ನು ಮೀರಿತ್ತು.

ಆದರೆ ಹಳದಿ ಮಾರ್ಗದ ಕಥೆ ಬೇರೆ ಬಗೆಯದು. 19 ಕಿ.ಮೀ.ಗೂ ಉದ್ದದ, 16 ನಿಲ್ದಾಣಗಳ ಈ ಮಾರ್ಗದಲ್ಲಿ ಕಂಬ, ಹಳಿ, ನಿಲ್ದಾಣಗಳು ಬಹುಪಾಲು ಸಿದ್ಧವಾದ ಮೇಲೂ ಜನ ಕಾಯಬೇಕಾಯಿತು. ಕಾರಣ, ಓಡಿಸಲು ರೈಲುಗಳೇ ಇರಲಿಲ್ಲ. 216 ಬೋಗಿಗಳ ಪೂರೈಕೆಯ ಗುತ್ತಿಗೆ 2019ರ ಡಿಸೆಂಬರ್‌ನಲ್ಲಿ ಚೀನಾದ ಸಿಆರ್‌ಆರ್‌ಸಿ ಸಂಸ್ಥೆಗೆ ದೊರೆತಿತ್ತು. ಬಹುಪಾಲು ಬೋಗಿಗಳು ಭಾರತದಲ್ಲಿಯೇ ತಯಾರಾಗಬೇಕಿತ್ತು. 2020ರಲ್ಲಿ ಕೋವಿಡ್ ಬಂತು, ಗಡಿಯಲ್ಲಿ ಸಂಘರ್ಷ ನಡೆಯಿತು, ನೆರೆರಾಷ್ಟ್ರಗಳ ಹೂಡಿಕೆಗೆ ಕೇಂದ್ರ ಸರ್ಕಾರ ಹೊಸ ನಿರ್ಬಂಧ ವಿಧಿಸಿತು. ಕಾರ್ಖಾನೆ ಮೇಲೇಳಲಿಲ್ಲ. ಕೊನೆಗೆ ಪಶ್ಚಿಮ ಬಂಗಾಳದ ಟಿಟಾಗಢ ಸಂಸ್ಥೆಯೊಂದಿಗೆ ಕೈಜೋಡಿಸಿ ತಯಾರಿಕೆ ಆರಂಭಿಸಬೇಕಾಯಿತು. ಚೀನಾದಿಂದ ಮೊದಲ ಮಾದರಿ ರೈಲು ಹೆಬ್ಬಗೋಡಿ ಡಿಪೊ ತಲುಪಿದ್ದು 2024ರ ಫೆಬ್ರುವರಿಯಲ್ಲಿ. ಟಿಟಾಗಢದಲ್ಲಿ ತಯಾರಾದ ಮೊದಲ ರೈಲು ಹೊರಟಿದ್ದು 2025ರ ಜನವರಿಯಲ್ಲಿ. ಸಂಚಾರ ಆರಂಭವಾದಾಗ ಇದ್ದದ್ದು ಮೂರೇ ರೈಲು, ಎರಡು ರೈಲುಗಳ ನಡುವಿನ ಅಂತರ 25 ನಿಮಿಷ. ಮುಂದಿನ ತಿಂಗಳುಗಳಲ್ಲಿ ರೈಲುಗಳು ಒಂದೊಂದಾಗಿ ಸೇರಿದಂತೆ ಈ ಅಂತರ ತಗ್ಗಿತು.

ಇದರ ಬೆಲೆ ತೆತ್ತವರು ಯಾರು? ಸಿಲ್ಕ್ ಬೋರ್ಡ್ ವೃತ್ತದಲ್ಲಿ ದಿನಕ್ಕೆರಡು ಬಾರಿ ಬಸ್ಸಿನೊಳಗೆ, ಬೈಕಿನ ಮೇಲೆ ನಿಂತವರು. ತಲೆಯ ಮೇಲೆ ಸಿದ್ಧವಾಗಿ ನಿಂತ ಮಾರ್ಗ, ಕೆಳಗೆ ಸರಿಯದ ವಾಹನಗಳ ಸಾಲು. ಯೋಜನಾ ನಿರ್ವಹಣೆ ಎಂಬ ಒಣ ಶಬ್ದದ ಹಿಂದೆ ಇರುವುದು ಇಂಥ ಬದುಕಿನ ಗಂಟೆಗಳು.

ಯೋಜನಾ ನಿರ್ವಹಣೆಯ ಶಾಸ್ತ್ರದಲ್ಲಿ ಇದಕ್ಕೊಂದು ಹೆಸರಿದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಡುಪಾಂಟ್ ಕಂಪನಿ ಮತ್ತು ಅಲ್ಲಿನ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಗಳಲ್ಲಿ ರೂಪುಗೊಂಡ ವಿಧಾನಗಳು ಹೇಳುವುದಿಷ್ಟೆ: ಒಂದನ್ನೊಂದು ಅವಲಂಬಿಸಿದ ಕೆಲಸಗಳ ಸರಪಳಿಗಳಲ್ಲಿ ಅತಿ ಉದ್ದದ್ದು ಯಾವುದೋ ಅದೇ ಇಡೀ ಯೋಜನೆಯ ದಿನಾಂಕವನ್ನು ನಿರ್ಧರಿಸುತ್ತದೆ. ಅದನ್ನು ‘ಕ್ರಿಟಿಕಲ್ ಪಾತ್’, ಅಂದರೆ ನಿರ್ಣಾಯಕ ಹಾದಿ ಎನ್ನುತ್ತಾರೆ. ಉಳಿದ ಕೆಲಸ ಶೇ. 99ರಷ್ಟು ಮುಗಿದಿದ್ದರೂ ಈ ಹಾದಿಯಲ್ಲಿ ಒಂದು ಕೊಂಡಿ ನಿಂತರೆ ಯೋಜನೆಯೇ ನಿಂತಂತೆ.

ಚೀನಾದೊಂದಿಗಿನ ಸಂಬಂಧ ಹದಗೆಟ್ಟೀತು ಎಂದು 2019ರಲ್ಲಿ ಯಾರೂ ಭವಿಷ್ಯ ನುಡಿಯಬೇಕಿರಲಿಲ್ಲ ಎಂಬ ವಾದದಲ್ಲಿ ನ್ಯಾಯವಿದೆ. ಮಹಾಮಾರಿಯನ್ನೂ ಯಾವ ಟೆಂಡರ್ ಊಹಿಸಲಾರದು. ಆದರೆ ಪ್ರಶ್ನೆ ಅದಲ್ಲ. ‘ಕಾರಣ ಯಾವುದೇ ಇರಲಿ, ಬೋಗಿಗಳು ಬರದಿದ್ದರೆ ಮುಂದೇನು?’ ಎಂದು ಕೇಳಲು ಭವಿಷ್ಯಜ್ಞಾನ ಬೇಕಿಲ್ಲ. ಇಡೀ ಮಾರ್ಗ ಒಂದೇ ಪೂರೈಕೆಯ ಮೇಲೆ ನಿಂತಿದೆ ಎಂಬುದು ನಕ್ಷೆಯಲ್ಲಿಯೇ ಕಾಣುವ ಸಂಗತಿ.

ಬುದ್ಧಿವಂತರೂ ಏಕೆ ತಪ್ಪುತ್ತಾರೆ?

ಅರ್ಥಶಾಸ್ತ್ರದ ನೊಬೆಲ್ ಪುರಸ್ಕೃತ ಮನೋವಿಜ್ಞಾನಿ ಡೇನಿಯಲ್ ಕಾನಮನ್ ತಮ್ಮದೇ ಅನುಭವವನ್ನು ದಾಖಲಿಸಿದ್ದಾರೆ. 1970ರ ದಶಕದಲ್ಲಿ ಇಸ್ರೇಲಿನ ಪ್ರೌಢಶಾಲೆಗಳಿಗೆ ಪಠ್ಯಪುಸ್ತಕವೊಂದನ್ನು ಬರೆಯಲು ಅವರು ತಂಡ ಕಟ್ಟಿದ್ದರು. ವಿಷಯ, ಸರಿಯಾಗಿ ನಿರ್ಧಾರ ಕೈಗೊಳ್ಳುವುದು ಹೇಗೆ ಎಂಬುದೇ. ಕೆಲಸ ಮುಗಿಯಲು ಎಷ್ಟು ಕಾಲ ಬೇಕೆಂದು ಕೇಳಿದಾಗ ತಂಡದವರು ಸುಮಾರು ಎರಡು ವರ್ಷ ಎಂದು ಬರೆದುಕೊಟ್ಟರು. ಇಂಥ ಬೇರೆ ತಂಡಗಳು ಎಷ್ಟು ಕಾಲ ತೆಗೆದುಕೊಂಡಿದ್ದವು ಎಂದು ತಂಡದಲ್ಲಿದ್ದ ಪಠ್ಯಕ್ರಮ ತಜ್ಞರನ್ನು ಆನಂತರ ಕೇಳಲಾಯಿತು. ಸುಮಾರು ಶೇ. 40ರಷ್ಟು ತಂಡಗಳು ಕೆಲಸ ಮುಗಿಸಲೇ ಇಲ್ಲ, ಮುಗಿಸಿದವು ಏಳರಿಂದ ಹತ್ತು ವರ್ಷ ತೆಗೆದುಕೊಂಡವು ಎಂಬ ಉತ್ತರ ಬಂತು. ಸೋಜಿಗವೆಂದರೆ ಎರಡು ವರ್ಷ ಎಂದು ಬರೆದವರಲ್ಲಿ ಆ ತಜ್ಞರೂ ಇದ್ದರು! ತಂಡ ಎಚ್ಚೆತ್ತುಕೊಳ್ಳದೆ ಕೆಲಸ ಮುಂದುವರಿಸಿತು. ಪುಸ್ತಕ ಮುಗಿಯಲು ಎಂಟು ವರ್ಷ ಹಿಡಿಯಿತು. ಅಷ್ಟರಲ್ಲಿ ಶಿಕ್ಷಣ ಇಲಾಖೆಯ ಉತ್ಸಾಹ ತಣ್ಣಗಾಗಿತ್ತು.

ಇದನ್ನು ಕಾನಮನ್ ಮತ್ತು ಅವರ ಸಹೋದ್ಯೋಗಿ ಅಮೋಸ್ ಟ್ವೆರ್ಸ್ಕಿ 1979ರಲ್ಲಿ ‘ಯೋಜನಾ ಭ್ರಮೆ’ ಎಂಬರ್ಥದ ಹೆಸರಿನಿಂದ ಗುರುತಿಸಿದರು. ಮನುಷ್ಯ ತನ್ನ ಕೆಲಸವನ್ನು ಒಳಗಿನಿಂದ ನೋಡುತ್ತಾನೆ. ಎಲ್ಲವೂ ಸುಸೂತ್ರವಾಗಿ ನಡೆದರೆ ಎಷ್ಟು ದಿನ ಬೇಕೋ ಅದನ್ನೇ ಅಂದಾಜು ಎಂದು ಹೇಳುತ್ತಾನೆ. ಅಂಥದೇ ಕೆಲಸ ಮಾಡಿದ ಇತರರಿಗೆ ನಿಜವಾಗಿ ಎಷ್ಟು ದಿನ ಬೇಕಾಯಿತು ಎಂದು ಹೊರಗಿನಿಂದ ನೋಡುವುದಿಲ್ಲ. ಸಿಡ್ನಿಯ ಒಪೆರಾ ಹೌಸ್ ಇದಕ್ಕೆ ಪ್ರಸಿದ್ಧ ನಿದರ್ಶನ. 1957ರಲ್ಲಿ 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ವೆಚ್ಚದಲ್ಲಿ 1963ಕ್ಕೆ ಮುಗಿಯುವುದೆಂದು ಅಂದಾಜಿಸಿದ್ದ ಕಟ್ಟಡ 1973ರಲ್ಲಿ ಮುಗಿಯಿತು. ವೆಚ್ಚ 10 ಕೋಟಿ 20 ಲಕ್ಷ ಡಾಲರ್.

ತಡವಾದಾಗ ಹೂಡುವ ಮದ್ದೂ ಅನೇಕ ವೇಳೆ ರೋಗವನ್ನು ಹೆಚ್ಚಿಸುತ್ತದೆ. ಐಬಿಎಂ ಕಂಪನಿಯಲ್ಲಿ ದೈತ್ಯ ತಂತ್ರಾಂಶ ಯೋಜನೆಯನ್ನು ಮುನ್ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಹೊಸಬರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಎಚ್ಚರಿಸಿದ್ದರು. ಹೊಸಬರಿಗೆ ಕಲಿಸುವವರು ಹಳಬರೇ ಆದ್ದರಿಂದ ಇದ್ದ ಕೈಗಳೂ ಕೆಲಸ ಬಿಡುತ್ತವೆ. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ನ ಯಾವ ಮ್ಯಾನೇಜರ್‌ಗೂ ಈ ಮಾತು ಹೊಸದಲ್ಲ. ಆದರೂ ಗಡುವು ಹತ್ತಿರವಾದಾಗ ಮೊದಲು ನೆನಪಾಗುವ ಉಪಾಯ ಅದೇ.

ಕೇಳಿಸದೇ ಹೋದ ಧ್ವನಿ

ಪ್ರಶ್ನೆ ಹುಟ್ಟುವುದಷ್ಟೇ ಸಾಲದು, ಅದು ತಲುಪಬೇಕಾದವರನ್ನು ತಲುಪಬೇಕು. 2003ರ ಫೆಬ್ರುವರಿ 1ರಂದು ಭಾರತ ಮೂಲದ ಕಲ್ಪನಾ ಚಾವ್ಲಾ ಸೇರಿದಂತೆ ಏಳು ಗಗನಯಾತ್ರಿಗಳು ಕೊಲಂಬಿಯಾ ನೌಕೆಯೊಂದಿಗೆ ಅಸುನೀಗಿದ ದುರಂತ ಇದನ್ನು ಅತ್ಯಂತ ಕಹಿಯಾಗಿ ಕಲಿಸಿತು. ಉಡಾವಣೆಯ ವೇಳೆ ಕಳಚಿದ ನೊರೆ ಪದಾರ್ಥದ ತುಂಡೊಂದು ಎಡರೆಕ್ಕೆಗೆ ಬಡಿದಿತ್ತು. ಹಾನಿಯ ಪ್ರಮಾಣ ಅರಿಯಲು ರೆಕ್ಕೆಯ ಚಿತ್ರ ಬೇಕೆಂದು ಎಂಜಿನಿಯರುಗಳು ಮಾಡಿದ ಮೂರು ಪ್ರತ್ಯೇಕ ಪ್ರಯತ್ನಗಳು ಫಲಿಸಲಿಲ್ಲ.

ಅದೇ ವರ್ಷದ ಆಗಸ್ಟ್‌ನಲ್ಲಿ ವರದಿ ನೀಡಿದ ತನಿಖಾ ಮಂಡಳಿ, ಅಪಘಾತಕ್ಕೆ ನೊರೆಯ ತುಂಡು ಎಷ್ಟು ಕಾರಣವೋ ನಾಸಾದ ಆಡಳಿತ ಸಂಸ್ಕೃತಿಯೂ ಅಷ್ಟೇ ಕಾರಣ ಎಂದಿತು. ಗಂಭೀರ ತಾಂತ್ರಿಕ ವಿವರಗಳನ್ನು ಪೂರ್ಣ ವರದಿಯ ಬದಲು ಪವರ್‌ಪಾಯಿಂಟ್ ಪುಟಗಳಲ್ಲಿ ತುರುಕುವ ಪದ್ಧತಿಯನ್ನೂ ಅದು ಟೀಕಿಸಿತು. ಅಪಾಯದ ಸಂದೇಶ ಸಣ್ಣ ಅಕ್ಷರಗಳ ಅಡಿಸಾಲಿನಲ್ಲಿ ಅಡಗಿದ್ದರೆ ಓದುವ ಅಧಿಕಾರಿಯ ಕಣ್ಣು ದಪ್ಪ ಅಕ್ಷರದ ಶೀರ್ಷಿಕೆಯಲ್ಲಿಯೇ ನಿಲ್ಲುತ್ತದೆ. ಪ್ರತಿ ಸೋಮವಾರ ಬೆಳಗ್ಗೆ ಸಭೆ ನಡೆಸುವ ಯಾವುದೇ ಕಚೇರಿಗೂ ಇದು ಅನ್ವಯವಾಗುವ ಮಾತು.

ಕಚೇರಿಯ ತಂಡ ಏನು ಮಾಡಬಹುದು?

ಚಂದ್ರನಿಗೆ ನೌಕೆ ಕಳುಹಿಸದ ಸಾಮಾನ್ಯ ತಂಡಗಳಿಗೆ ಇವುಗಳಿಂದ ದಕ್ಕುವ ಕೆಲವು ಸೂತ್ರಗಳು ಹೀಗಿವೆ:

1. ಮೊದಲೇ ಸೋತು ನೋಡುವುದು: ಮನೋವಿಜ್ಞಾನಿ ಗ್ಯಾರಿ ಕ್ಲೈನ್ 2007ರಲ್ಲಿ ವಿವರಿಸಿದ ‘ಪ್ರಿ-ಮಾರ್ಟಮ್’ ವಿಧಾನ ಅತ್ಯಂತ ಸುಲಭವಾದದ್ದು. ಕೆಲಸ ಆರಂಭಿಸುವ ಮುನ್ನ ಮುಖ್ಯಸ್ಥರು ತಂಡವನ್ನು ಕೂರಿಸಿ, ಯೋಜನೆ ಸಂಪೂರ್ಣ ವಿಫಲವಾಗಿದೆ ಎಂದು ಭಾವಿಸುವಂತೆ ಹೇಳುತ್ತಾರೆ. ಪ್ರತಿಯೊಬ್ಬರೂ ಕೆಲವು ನಿಮಿಷ ಮೌನವಾಗಿ ಅದರ ಕಾರಣಗಳನ್ನು ಬರೆಯುತ್ತಾರೆ, ಬಳಿಕ ಒಬ್ಬೊಬ್ಬರಾಗಿ ಓದುತ್ತಾರೆ. ‘ಇದು ಆಗುವುದಿಲ್ಲ’ ಎಂದವರಿಗೆ ಅಪಶಕುನದವರೆಂಬ ಹೆಸರು ಬರುವ ಭಯ ಇಲ್ಲಿಲ್ಲ. ಸೋಲನ್ನು ಊಹಿಸುವುದೇ ಇಲ್ಲಿನ ಕೆಲಸ.

2. ಹೊರಗಿನ ಲೆಕ್ಕ ನೋಡುವುದು: ‘ನಮಗೆ ಎಷ್ಟು ದಿನ ಬೇಕು?’ ಎನ್ನುವ ಮುನ್ನ ‘ಹಿಂದಿನ ಮೂರು ಇಂಥ ಕೆಲಸಗಳಿಗೆ ಎಷ್ಟು ದಿನ ಹಿಡಿಯಿತು?’ ಎಂದು ಕಡತ ತೆರೆಯಬೇಕು. ಹಳೆಯ ಗಡುವಲ್ಲ, ಹಳೆಯ ಮುಕ್ತಾಯದ ದಿನಾಂಕ ಮುಖ್ಯ.

3. ನಿರ್ಣಾಯಕ ಹಾದಿಯನ್ನು ಗೋಡೆಗೆ ಅಂಟಿಸುವುದು: ಎಲ್ಲ ಕೆಲಸವೂ ತುರ್ತು ಎಂದಾದರೆ ಯಾವುದೂ ತುರ್ತಲ್ಲ. ಯಾವ ಒಂದು ಅನುಮತಿ, ಯಾವ ಒಬ್ಬ ವ್ಯಕ್ತಿ, ಯಾವ ಒಂದು ಪೂರೈಕೆ ನಿಂತರೆ ಎಲ್ಲವೂ ನಿಲ್ಲುತ್ತದೆ ಎಂಬುದು ತಂಡದ ಪ್ರತಿಯೊಬ್ಬರಿಗೂ ತಿಳಿದಿರಬೇಕು. ಅದಕ್ಕೆ ಪರ್ಯಾಯವೇನು ಎಂಬುದೂ ಪಕ್ಕದಲ್ಲಿ ಬರೆದಿರಬೇಕು.

4. ಚೌಕವನ್ನು ಹಿಗ್ಗಿಸುವುದು: 500 ಮೀಟರ್‌ಗೆ ಪಟ್ಟು ಹಿಡಿದ ನೌಕೆ ಬಿತ್ತು, ನಾಲ್ಕು ಕಿ.ಮೀ. ಅವಕಾಶ ಪಡೆದ ನೌಕೆ ನಿಂತಿತು. ಗುರಿ ಯಾವುದು, ಗುರಿಯಂತೆ ಕಾಣುವ ಹಟ ಯಾವುದು ಎಂಬುದನ್ನು ತಂಡ ಬೇರ್ಪಡಿಸಿಕೊಳ್ಳಬೇಕು. ಇಳಿಯುವುದು ಗುರಿ, ಇಂಥ ಚೌಕದಲ್ಲಿಯೇ ಇಳಿಯುವುದು ಅನುಕೂಲ ಮಾತ್ರ.

5. ಕೆಟ್ಟ ಸುದ್ದಿಗೆ ಮೊದಲ ಸ್ಥಾನ: ಸಭೆ ಆರಂಭವಾಗಬೇಕಾದದ್ದು ಸಾಧನೆಯ ಪಟ್ಟಿಯಿಂದಲ್ಲ, ಕುಂಟುತ್ತಿರುವ ಕೆಲಸದಿಂದ. ಅದನ್ನು ತಂದವರಿಗೆ ಬೈಗುಳದ ಬದಲು ಸಹಾಯ ದೊರೆತರೆ ಮುಂದಿನ ವಾರ ಇನ್ನೊಬ್ಬರು ಬಾಯಿ ತೆರೆಯುತ್ತಾರೆ.

ಎಚ್ಚರ ನೆಪವಾಗಬಾರದು

ಈ ವಾದಕ್ಕೆ ಇನ್ನೊಂದು ಮಗ್ಗುಲೂ ಇದೆ. ಏನೇನು ತಪ್ಪಬಹುದು ಎಂದು ಎಣಿಸುತ್ತಾ ಕುಳಿತರೆ ಕೆಲಸ ಆರಂಭವೇ ಆಗದು ಎಂಬ ಆಕ್ಷೇಪ ಹಳೆಯದು, ಅದರಲ್ಲಿ ಹುರುಳೂ ಇದೆ. ಸರ್ಕಾರಿ ಯೋಜನೆಗಳಲ್ಲಿ ಭೂಸ್ವಾಧೀನ, ನ್ಯಾಯಾಲಯದ ತಡೆಯಾಜ್ಞೆ, ಟೆಂಡರ್ ನಿಯಮಗಳು ಯಾವುದೇ ತಂಡದ ಸ್ಪಷ್ಟ ಚಿಂತನೆಯನ್ನೂ ಕಟ್ಟಿಹಾಕಬಲ್ಲವು. ಚಂದ್ರಯಾನ-3 ಕೂಡ ಗಡುವು ಪಾಲಿಸಿದ ಯೋಜನೆಯಲ್ಲ. 2020ರ ಜನವರಿಯಲ್ಲಿ ಪ್ರಕಟವಾದ ಈ ಯಾನ ಕೋವಿಡ್ ಸೇರಿದಂತೆ ಹಲವು ಕಾರಣಗಳಿಂದ ಮುಂದೆ ಹೋಗಿ 2023ರ ಜುಲೈ 14ರಂದು ಉಡಾವಣೆಯಾಯಿತು.

ಆದ್ದರಿಂದ ತಡವಾಗದಿರುವುದೊಂದೇ ಉತ್ತಮ ನಿರ್ವಹಣೆಯ ಅಳತೆಗೋಲಲ್ಲ. ತಡವಾದ ಕಾಲವನ್ನು ತಂಡ ಯಾವುದಕ್ಕೆ ಬಳಸಿತು ಎಂಬುದೂ ಅಷ್ಟೇ ಮುಖ್ಯ. ಒಂದು ತಂಡ ಆ ಕಾಲದಲ್ಲಿ ಇನ್ನೂ ಹತ್ತು ಪರೀಕ್ಷೆ ನಡೆಸುತ್ತದೆ, ಇನ್ನೊಂದು ಹತ್ತು ಹೊಸ ಗಡುವುಗಳನ್ನು ಘೋಷಿಸುತ್ತದೆ. ಸೋಲನ್ನು ಮುಂಚಿತವಾಗಿ ಊಹಿಸುವುದು ಕೂಡ ನಿರ್ಧಾರದಲ್ಲಿ ಕೊನೆಗೊಳ್ಳಬೇಕು. ಪಟ್ಟಿಯಲ್ಲಿರುವ ಪ್ರತಿ ಅಪಾಯದ ಮುಂದೆ ಒಬ್ಬರ ಹೆಸರು, ಒಂದು ದಿನಾಂಕ ಇರದಿದ್ದರೆ ಅದು ಎಚ್ಚರವಲ್ಲ, ಮುಂದಿನ ನೆಪಗಳ ದಾಸ್ತಾನು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಕನ್ನಡಿಗರಿಗೆ ಹೊಸದಲ್ಲ. ಸೂರೆಯಾದ ಮೇಲೂ ಬಾಗಿಲು ಎಲ್ಲಿತ್ತೆಂದು ಹುಡುಕಿದ ತಂಡ ನಾಲ್ಕು ವರ್ಷಗಳಲ್ಲಿ ಚಂದ್ರನ ಮೇಲೆ ಇಳಿಯಿತು. ಬೆಂಗಳೂರಿನಲ್ಲಿ ಇನ್ನೂ ಮುಗಿಯಬೇಕಾದ ಮೆಟ್ರೊ ಮಾರ್ಗಗಳಿವೆ, ಉಪನಗರ ರೈಲು ಯೋಜನೆಯಿದೆ. ಅವುಗಳ ಗಡುವು ಎಂದು ಎಂಬುದು ಪ್ರತಿ ಪರಿಶೀಲನಾ ಸಭೆಯಲ್ಲಿ ಕೇಳಿಬರುವ ಪ್ರಶ್ನೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಕೆಲಸ ನಿಂತುಹೋದರೆ, ಅದು ನಿಲ್ಲುವುದು ಎಲ್ಲಿ?